ಪಾಸಂಗ

ದಿಂಬಿನ ಚೀಲದಲ್ಲಿ ಸುತ್ತಿ ತಂದಿದ್ದರು ವಕೀಲರು.
ಮುಚ್ಚಿದ ಮಿಲ್ಲಿನ ಹರಾಜಿನಲ್ಲಿ ಹಿಡಿದದ್ದಂತೆ.
ಬಿಚ್ಚಿದರೆ, ಹಳೇ ಬಾವಿಯಿಂದ ಎತ್ತಿದ
ಕೊಡದ ಕಂಠದ ಹಾಗೆ, ವೆಬ್ಲಿ.
ಆರು ಕೋಣೆ. ಆರರಲ್ಲೂ ಜೇಡ ಬಾಡಿಗೆಗಿತ್ತು.
ಕುದುರೆ ಎಳೆದೆ. ಕದಲಲಿಲ್ಲ.
ಎಷ್ಟು ವರ್ಷದಿಂದ ನಿಂತಲ್ಲೇ ನಿದ್ದೆಯೋ.

‘ಕನ್ನಡಿ ಹಂಗೆ ಹೊಳೀಬೇಕು ಚಮನ್ ಸಾಬ್.’

ಹೊಳೆಸಬಹುದು ಸ್ವಾಮಿ, ಮರಳುಕಾಗದ ಎರಡು ರೂಪಾಯಿ.
ಆದರೆ ಅದು ತುಕ್ಕಿನ ಜೊತೆ ಹೆಸರನ್ನೂ ತಿನ್ನುತ್ತೆ:
ನಂಬರು, ಪುಟ್ಟ ಕಿರೀಟದ ಮುದ್ರೆ,
ಹಿಡಿಕೆಯ ಮೇಲೆ ಯಾರೋ ಮೊಳೆಯಲ್ಲಿ ಗೀಚಿದ
ಸೊಟ್ಟ ಅಕ್ಷರ ಒಂದು, ‘ಮ’.

ಇಪ್ಪತ್ತೆರಡು ವರ್ಷ ಅದೇ ಮಿಲ್ಲಿನ ಟರ್ನರ್ ನಾನು.
ಕೊನೆಯ ಬಾಕಿಯ ಬದಲು ಒಂದು ಲೇತು ಕೊಟ್ಟರು.
ಈಗ ಗೋಡೆಗೆ ಲೈಸೆನ್ಸು, ಅದರ ಕೆಳಗೆ ಬೆಂಚು.
ಎಲೆಕ್ಷನ್ ಬಂತೆಂದರೆ ಊರ ಕೋವಿಗಳೆಲ್ಲ ಠಾಣೆಗೆ,
ಮುಗಿಯಿತೆಂದರೆ ತುಕ್ಕು ಹೊತ್ತು ನನ್ನ ಹತ್ತಿರಕ್ಕೆ.

ಹನ್ನೊಂದು ದಿನ ಎಣ್ಣೆಯಲ್ಲಿ ನೆನೆಸಿಟ್ಟೆ.
ಬಿಚ್ಚಿದ ಸ್ಕ್ರೂ ಒಂದೊಂದೂ ಇಡ್ಲಿ ತಟ್ಟೆಯ ಒಂದೊಂದು ಕುಳಿಗೆ
(ಮನೆಯಾಕೆ ಆ ತಟ್ಟೆ ಕೇಳುವುದನ್ನು ಬಿಟ್ಟಿದ್ದಾಳೆ).
ಒಳಗಿನ ಸ್ಪ್ರಿಂಗು ಮುರಿದಿತ್ತು, ಮಗ್ಗದ ಪಟ್ಟಿಯಲ್ಲಿ ಮಾಡಿದೆ.
ಮಿಲ್ಲಿನದು ಮಿಲ್ಲಿಗೇ.
ಹದಿಮೂರನೇ ದಿನ, ಕಾರಿಗೆ ಇಳಿದ ಹಾಗೆ,
ಉಕ್ಕಿನ ಮೈಗೆ ಬದನೆಕಾಯಿ ಬಣ್ಣ ಮರಳಿತು.

ಜೊತೆಗೊಂದು ರಟ್ಟಿನ ಪೊಟ್ಟಣ. ಕಿರ್ಕಿಯದು.
ತೋಟಾ ಹನ್ನೆರಡು ಎಂದು ಅಚ್ಚು.
ಹಿತ್ತಾಳೆಗೆ ಹಸಿರು ಕಿಲುಬು, ಮದ್ದು ಸತ್ತು ಯಾವ ಕಾಲವೋ.
ಎಣಿಸಿದೆ: ಹನ್ನೊಂದು.
ಮತ್ತೆ ಎಣಿಸಿದೆ.
ವಕೀಲರ ಮುಖ ಹುಳಿಯಾಯಿತು.
‘ಡಜನ್ ಪೂರ್ತಿ ಇದ್ರೇನೇ ರೀ ಬೆಲೆ.’
ನನಗೆ ಬೆಲೆಯ ಚಿಂತೆ ಇರಲಿಲ್ಲ.
ಹೋದ ಒಂದು
ಯಾರ ಮೈಯೊಳಗಿದೆ ಎಂಬುದೇ ರಾತ್ರಿಯಿಡೀ.
ಹಿಂದಿನ ಗಲ್ಲಿಯ ಭಟ್ಟಿಯಲ್ಲಿ ಕಾದ ಮರಳಿಗೆ ಬಿದ್ದ ಅಕ್ಕಿ
ಸಿಡಿಯುತ್ತಿತ್ತು, ಬೆಳಗಿನವರೆಗೆ,
ಯಾರನ್ನೂ ಕೊಲ್ಲದೆ.

ಜೈತೂನ್‌ಬಿ ಬಂದದ್ದು ಚಿಮಟದ ರಿವೆಟ್ಟು ಕೇಳಲು.
ಬೆಂಚಿನ ಮೇಲೆ ನೋಡಿದಳು. ನಿಂತಳು.
ಹಿಡಿಕೆಯ ಅಕ್ಷರದ ಮೇಲೆ ಹೆಬ್ಬೆರಳಿಟ್ಟಳು.
‘ಮಲಂಗ್ ಸಾಬ್. ನಮ್ಮಪ್ಪ.
ಬರೆಯಾಕೆ ಬರ್ತಿದ್ದಿದ್ದು ಅದೊಂದೇ ಅಕ್ಷರ.’

ಶನಿವಾರದ ಬಟವಾಡೆ, ದುಡ್ಡಿನ ಪೆಟ್ಟಿಗೆ, ಜಟಕಾ,
ಹಿಂದುಗಡೆ ಕಾಲು ಇಳಿಬಿಟ್ಟು ಕೂತ ಅಪ್ಪ,
ಸೊಂಟದಲ್ಲಿ ಇದು.
‘ಒಂದ್ಸಲನೂ ಹೊಡೀಲಿಲ್ಲ ಚಮನಣ್ಣ.
ಹೊಡಿಯಾಕೇ ಬರ್ತಿರ್ಲಿಲ್ಲ. ಯಾರಿಗೂ ಹೇಳ್ಬ್ಯಾಡ.’

ಮತ್ತೆ ಆ ಒಂದು?

ಕರೆದುಕೊಂಡು ಹೋದಳು.
ಮಂಡಕ್ಕಿ ಅಳೆಯುವುದು ಸೇರಿನಲ್ಲಿ. ಆದರೆ
ಪುಟಾಣಿ, ಮೆಣಸಿನಕಾಯಿ ತೂಗಲೇಬೇಕಲ್ಲ.
ಮಸಿ ಹಿಡಿದ ತಕ್ಕಡಿ. ಎಡದ ತಟ್ಟೆಯ ಸರಪಳಿಗೆ,
ದಾರ ಸುತ್ತಿ ಕಟ್ಟಿದ, ಹೆಬ್ಬೆರಳ ತುದಿಯಷ್ಟು ಸೀಸ.
‘ತಕ್ಕಡಿ ಕೊಂಡಾಗಿಂದ್ಲೂ ಬಲಕ್ಕೆ ವಾಲ್ತಿತ್ತು.
ಗಿರಾಕಿಗೆ ಮೋಸ ಆಗ್ತತಿ ಅಂತ ಅವ್ವ ಅಳೋಳು.
ಅಪ್ಪ ಮದ್ದು ಗಟಾರಕ್ಕೆ ಚೆಲ್ಲಿ
ಗುಂಡು ತಂದು ಪಾಸಂಗ ಕಟ್ಟಿದ.’

ಮುಟ್ಟಿದೆ. ಬೆಚ್ಚಗಿತ್ತು, ಭಟ್ಟಿಯ ಬಿಸಿಗೆ.
ಖಾಲಿ ತಟ್ಟೆಗಳು ಸ್ವಲ್ಪ ಅಲುಗಾಡಿ
ಸಮಕ್ಕೆ ನಿಂತವು.

ವಕೀಲರಿಗೆ ಬೇಗ ಸಿಟ್ಟು ಬರುತ್ತದೆ, ಬೇಗ ಇಳಿಯುತ್ತದೆ.
ಅವರಿಗೆ ನಾನು ಏನೂ ಹೇಳಲಿಲ್ಲ.
ರಿಜಿಸ್ಟರಿನಲ್ಲಿ ಮಾತ್ರ, ನೀಲಿ ಶಾಯಿಯಲ್ಲಿ,
ಇನ್‌ಸ್ಪೆಕ್ಟರು ಕೇಳಿದರೆ ಕೇಳಲಿ ಎಂದು,
ಷರಾ ಕಾಲಂನಲ್ಲಿ ಬರೆದಿಟ್ಟೆ:

ಬಂದದ್ದು ಹನ್ನೊಂದು.
ಒಂದು ಚಾಲ್ತಿಯಲ್ಲಿದೆ.